ಮೇಜಿನ ಮೇಲೆ ಸೇನೆಯ ಲಾರಿ

ದೊಡ್ಡ ವಸ್ತುವೊಂದನ್ನು ಚಿಕ್ಕದಾಗಿ ಮಾಡಿ ಕಣ್ಮುಂದೆ ಇರಿಸಿಕೊಳ್ಳಬೇಕೆಂಬ ಆಸೆ ಮನುಷ್ಯನಿಗೆ ಬಹು ಹಿಂದಿನಿಂದಲೂ ಇದೆ. ಜಾತ್ರೆಯಲ್ಲಿ ಮಕ್ಕಳು ಕೊಂಡು ತರುವ ಮರದ ಬಂಡಿ, ನವರಾತ್ರಿಯ ಬೊಂಬೆಗಳ ಸಾಲಿನಲ್ಲಿ ನಿಲ್ಲುವ ಅಂಬಾರಿಯ ಆನೆ, ಇವೆಲ್ಲ ಆ ಆಸೆಯ ಫಲಗಳೇ. ಆದರೆ ಆಟಿಕೆಗೂ ಪ್ರಮಾಣಬದ್ಧ ಮಾದರಿಗೂ ಒಂದು ಮುಖ್ಯ ವ್ಯತ್ಯಾಸವುಂಟು. ಆಟಿಕೆಯು ಮೂಲವಸ್ತುವನ್ನು ನೆನಪಿಗೆ ತಂದರೆ ಸಾಕು. ಮಾದರಿಯಾದರೋ ಮೂಲದ ಪ್ರತಿಯೊಂದು ಅಳತೆಗೂ ಉತ್ತರ ಹೇಳಬೇಕು. ಈ ಎರಡನೆಯ ಬಗೆಯ ಕೆಲಸದಲ್ಲಿ ಸೇನೆಯ ಲಾರಿಗಳ ಮಾದರಿಗಳನ್ನು ಕಟ್ಟುವ ಹವ್ಯಾಸವು ವಿಶೇಷ ಸ್ವಾರಸ್ಯವುಳ್ಳದ್ದು. ಅದರಲ್ಲಿ ಅಡಗಿರುವ ಭೌತವಿಜ್ಞಾನವನ್ನು ಕುರಿತು ಈ ಲೇಖನದಲ್ಲಿ ವಿಚಾರ ಮಾಡೋಣ.

ಸೇನೆಯ ಸಾಗಣೆ ಎಂಬುದು ನಮ್ಮ ಸೀಮೆಗೆ ಅಪರಿಚಿತವಾದುದೇನೂ ಅಲ್ಲ. ಹೈದರ್ ಮತ್ತು ಟಿಪ್ಪುವಿನ ಫಿರಂಗಿಗಳನ್ನು ಎಳೆದ ಅಮೃತಮಹಲ್ ಎತ್ತುಗಳನ್ನು 1799ರ ತರುವಾಯ ಈಸ್ಟ್ ಇಂಡಿಯಾ ಕಂಪನಿಯು ತನ್ನ ವಶಕ್ಕೆ ತೆಗೆದುಕೊಂಡಿತು. ಹುಣಸೂರು ಬಹುಕಾಲ ಆ ದನಗಳ ಇಲಾಖೆಯ ಕೇಂದ್ರವಾಗಿದ್ದಿತು. ಚರ್ಮ ಹದಮಾಡುವ ಕಾರ್ಖಾನೆ, ಕಂಬಳಿಯ ಕಾರ್ಖಾನೆ, ಮರದ ಕೋಠಿ, ಇವುಗಳನ್ನು ಸರ್ಕಾರವು ಅಲ್ಲಿ ನಡೆಸುತ್ತಿದ್ದು 1864ರಲ್ಲಿ ನಿಲ್ಲಿಸಿತು. ಕಾರ್ಖಾನೆಗಳು ಮುಚ್ಚಿದರೂ ಕೈಗಳಿಗೆ ಹತ್ತಿದ ಕಸುಬು ಉಳಿಯಿತು; ಹುಣಸೂರಿನ ಚರ್ಮದ ಸಾಮಾನು ಮತ್ತು ಗಾಡಿಗಳು ಅನಂತರವೂ ಹೆಸರಾಗಿದ್ದುವು. ಎತ್ತಿನ ಗಾಡಿಯ ಸ್ಥಾನಕ್ಕೆ ಲಾರಿ ಬಂದದ್ದು ಇಪ್ಪತ್ತನೆಯ ಶತಮಾನದ ಮಾತು.

ಪ್ರಮಾಣವೆಂದರೇನು?

ಮೂಲದ 35 ಅಂಗುಲವನ್ನು ಮಾದರಿಯಲ್ಲಿ ಒಂದು ಅಂಗುಲವಾಗಿ ತೋರಿಸಿದರೆ ಅದು 1:35ರ ಪ್ರಮಾಣ. ಆರು ಅಡಿ ಎತ್ತರದ ಚಾಲಕನು ಈ ಪ್ರಮಾಣದಲ್ಲಿ 52 ಮಿಲಿಮೀಟರು ಎತ್ತರದವನಾಗುತ್ತಾನೆ. 1:72 ಎಂಬ ಇನ್ನೊಂದು ಪ್ರಮಾಣವೂ ಬಳಕೆಯಲ್ಲಿದೆ. ಅದರಲ್ಲಿ ಆರು ಅಡಿಗೆ ಸರಿಯಾಗಿ ಒಂದು ಅಂಗುಲ. ಎಪ್ಪತ್ತೆರಡರ ಲೆಕ್ಕವು ಅಡಿ ಅಂಗುಲಗಳಿಂದ ಹುಟ್ಟಿದ್ದೆಂಬುದು ಸ್ಪಷ್ಟ. ಆದರೆ ಮೂವತ್ತೈದು ಎಲ್ಲಿಂದ ಬಂದಿತು? ಜಪಾನಿನ ತಮಿಯಾ ಸಂಸ್ಥೆಯು 1960ರ ದಶಕದ ಆರಂಭದಲ್ಲಿ ಜರ್ಮನಿಯ ಪ್ಯಾಂಥರ್ ಟ್ಯಾಂಕಿನ ಮಾದರಿಯನ್ನು ರೂಪಿಸಿದಾಗ, ಅದರ ಹೊಟ್ಟೆಯೊಳಗೆ ಮೋಟಾರು ಮತ್ತು ಬ್ಯಾಟರಿಗಳು ಹಿಡಿಸುವಷ್ಟು ಗಾತ್ರವನ್ನು ಆರಿಸಿಕೊಂಡಿತು. ಬಳಿಕ ಅಳೆದು ನೋಡಿದಾಗ ಅದು ಮೂಲದ ಸುಮಾರು ಮೂವತ್ತೈದನೆಯ ಒಂದು ಪಾಲಾಗಿದ್ದಿತು. ಬ್ಯಾಟರಿಯ ಗಾತ್ರವು ನಿಶ್ಚಯಿಸಿದ ಈ ಸಂಖ್ಯೆಯೇ ಮುಂದೆ ಲೋಕದಾದ್ಯಂತ ಸೇನಾವಾಹನಗಳ ಮಾದರಿಗಳಿಗೆ ವಾಡಿಕೆಯ ಪ್ರಮಾಣವಾಯಿತು.

ಇಂತಹ ಮಾದರಿಗಳು ಪ್ಲಾಸ್ಟಿಕ್ಕಿನ ಬಿಡಿಭಾಗಗಳಾಗಿ ಪೆಟ್ಟಿಗೆಗಳಲ್ಲಿ ಬರುತ್ತವೆ. ಇವಕ್ಕೆ ಕಿಟ್ ಎಂದು ಹೆಸರು. ಆದರೆ ಲೋಕದಲ್ಲಿ ಓಡಿದ ಎಲ್ಲ ಲಾರಿಗಳಿಗೂ ಕಿಟ್ಟುಗಳಿಲ್ಲ. ತನಗೆ ಬೇಕಾದ ಲಾರಿಯ ಕಿಟ್ ದೊರೆಯದಿದ್ದಾಗ ಹವ್ಯಾಸಿಯ ಮುಂದೆ ಎರಡು ದಾರಿಗಳಿರುತ್ತವೆ: ಹತ್ತಿರದ ಸಂಬಂಧವುಳ್ಳ ಇನ್ನೊಂದು ಲಾರಿಯ ಕಿಟ್ಟನ್ನು ಕತ್ತರಿಸಿ ಪರಿವರ್ತಿಸುವುದು ಒಂದು, ಹಾಳೆ ಕಡ್ಡಿಗಳಿಂದ ಎಲ್ಲವನ್ನೂ ಮೊದಲಿನಿಂದ ಕಟ್ಟುವುದು ಇನ್ನೊಂದು.

ಐವತ್ತೇಳು ಅಂಗುಲಗಳ ಲೆಕ್ಕ

ಪರಿವರ್ತನೆಯ ವಿದ್ಯೆಯನ್ನು ಹವ್ಯಾಸಿಗಳು ಕಂಡುಹಿಡಿದರೆಂದು ಭಾವಿಸಬಾರದು. ಲಾರಿಯ ಸ್ವಭಾವವೇ ಪರಿವರ್ತನೆ. ಕಾರ್ಖಾನೆಯಿಂದ ಬರಿಯ ಚಾಸಿ ಬರುತ್ತದೆ. ನಮ್ಮ ಪಟ್ಟಣಗಳಲ್ಲಿ ಬಾಡಿ ಕಟ್ಟುವವರು ಅದರ ಮೇಲೆ ಮರ ತಗಡುಗಳ ಕಟ್ಟಡವನ್ನು ಏರಿಸುತ್ತಾರೆ. ಒಂದೇ ಚಾಸಿ ಒಬ್ಬನ ಕೈಯಲ್ಲಿ ಬಸ್ಸಾದರೆ ಇನ್ನೊಬ್ಬನ ಕೈಯಲ್ಲಿ ನೀರಿನ ಟ್ಯಾಂಕರು ಆದೀತು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಕೆನಡಾ ದೇಶವು ಈ ತತ್ತ್ವವನ್ನು ಬಹು ದೊಡ್ಡ ಪ್ರಮಾಣದಲ್ಲಿ ಬಳಸಿತು. ಆ ದೇಶವು ಆಗ ತಯಾರಿಸಿದ ಎಂಟು ಲಕ್ಷಕ್ಕೂ ಹೆಚ್ಚು ಸೇನಾವಾಹನಗಳಲ್ಲಿ ಸುಮಾರು ಅರ್ಧದಷ್ಟು ‘ಕೆನಡಿಯನ್ ಮಿಲಿಟರಿ ಪ್ಯಾಟರ್ನ್’ ಎಂಬ ಒಂದೇ ಮನೆತನಕ್ಕೆ ಸೇರಿದವು. ಫೋರ್ಡ್ ಮತ್ತು ಷೆವ್ರೊಲೆ ಎಂಜಿನ್ನುಗಳು ಬೇರೆ ಬೇರೆಯಾದರೂ, ಮೂತಿ ಮೊಟಕಾದ ಚಾಲಕನ ಕೋಣೆಯ ರೂಪ ಎಲ್ಲಕ್ಕೂ ಹೆಚ್ಚುಕಡಿಮೆ ಒಂದೇ. ಆ ಕೋಣೆಯ ಕೊನೆಯ ರೂಪದಲ್ಲಿ ಮುಂಗಾಜಿನ ಮೇಲಂಚು ಮುಂದಕ್ಕೆ ಬಾಗಿತ್ತು; ಬಿಸಿಲು ಗಾಜಿನಿಂದ ಪ್ರತಿಫಲಿಸಿ ವೈರಿಯ ವಿಮಾನಕ್ಕೆ ಮಿಂಚು ಕಾಣಿಸಬಾರದೆಂಬುದು ಉದ್ದೇಶ. ಭಾರತೀಯ ಸೇನೆಯು ಈ ಲಾರಿಗಳನ್ನು ಹೇರಳವಾಗಿ ಬಳಸಿತು. ಇವುಗಳ ಚಾಸಿಯ ಮೇಲೆಯೇ ನಮ್ಮ ದೇಶದಲ್ಲಿ, ಟಾಟಾ ಉಕ್ಕಿನ ಕವಚ ಹೊದಿಸಿ, ‘ಇಂಡಿಯನ್ ಪ್ಯಾಟರ್ನ್ ಕ್ಯಾರಿಯರ್’ ಎಂಬ ಕವಚವಾಹನಗಳನ್ನೂ ಕಟ್ಟಿದರು. ಯುದ್ಧ ಮುಗಿದ ಮೇಲೆ ಹೆಚ್ಚುವರಿಯಾದ ಸೇನಾ ಲಾರಿಗಳು ಮಾರಾಟಗೊಂಡು ನಾಗರಿಕರ ಕೆಲಸಕ್ಕೆ ಇಳಿದುವು.

ಈ ಮನೆತನದ 15 ಹಂಡ್ರೆಡ್‌ವೇಟ್ (762 ಕಿಲೋಗ್ರಾಂ) ಹೊರುವ ಷೆವ್ರೊಲೆ ಲಾರಿಯ 1:35ರ ಕಿಟ್ಟನ್ನು ಇಟಲಿಯ ಇಟಾಲೆರಿ ಸಂಸ್ಥೆ ಹೊರತಂದಿದೆ. ಅದರಿಂದ ಮೂರು ಟನ್ನಿನ ಉದ್ದ ಲಾರಿಯನ್ನು ಮಾಡುವುದು ಹೇಗೆಂದು ನೋಡೋಣ. ಚಿಕ್ಕ ಲಾರಿಯಲ್ಲಿ ಮುಂದಿನ ಹಿಂದಿನ ಅಚ್ಚುಗಳ ನಡುವಣ ಅಂತರ ಸುಮಾರು 101 ಅಂಗುಲ. ದೊಡ್ಡದರಲ್ಲಿ ಸುಮಾರು 158 ಅಂಗುಲ. ವ್ಯತ್ಯಾಸ 57 ಅಂಗುಲ, ಎಂದರೆ 1448 ಮಿಲಿಮೀಟರು. ಇದನ್ನು 35ರಿಂದ ಭಾಗಿಸಿದರೆ 41.4 ಮಿಲಿಮೀಟರು ಬರುತ್ತದೆ. ಚಾಸಿಯನ್ನು ಇಷ್ಟು ಉದ್ದಮಾಡಬೇಕು.

ಎಲ್ಲಿ ಕತ್ತರಿಸಬೇಕೆಂಬುದು ಮುಂದಿನ ಪ್ರಶ್ನೆ. ಚಾಲಕನ ಕೋಣೆಗೂ ಹಿಂದಿನ ಕಮಾನು ಪಟ್ಟಿಗಳಿಗೂ ನಡುವೆ ಚಾಸಿಯ ಎರಡು ಉದ್ದಪಟ್ಟಿಗಳು ನೇರವಾಗಿರುವ ಭಾಗವೊಂದಿರುತ್ತದೆ; ಕತ್ತರಿಗೆ ಅದೇ ತಕ್ಕ ಸ್ಥಳ. ಎಡಪಟ್ಟಿಯ ಕತ್ತರಿಯೂ ಬಲಪಟ್ಟಿಯ ಕತ್ತರಿಯೂ ಒಂದೇ ಗೆರೆಯಲ್ಲಿರದೆ ಹಿಂದುಮುಂದಾಗಿರಬೇಕು. ಎರಡು ದುರ್ಬಲ ಸ್ಥಾನಗಳು ಎದುರುಬದುರಾದರೆ ಇಡೀ ಚೌಕಟ್ಟು ಅಲ್ಲಿಯೇ ಬಾಗುತ್ತದೆ. ಬೆಸುಗೆಯ ಒಳಮಗ್ಗುಲಲ್ಲಿ ತೆಳುಪಟ್ಟಿಯೊಂದನ್ನು ಅಂಟಿಸಿ ಬಲಪಡಿಸಬೇಕು. ಗ್ರಾಫ್ ಕಾಗದದ ಮೇಲೆ ಚೌಕಟ್ಟಿನ ನಕ್ಷೆ ಬರೆದು, ಅದರ ಮೇಲೆ ಗಾಜಿನ ತುಂಡನ್ನಿಟ್ಟು, ಆ ಗಾಜಿನ ಮೇಲೆಯೇ ಜೋಡಣೆ ನಡೆಸುವುದು ಉತ್ತಮ. ಮೂರು ಬಿಂದುಗಳು ಯಾವಾಗಲೂ ಒಂದು ಸಮತಲದಲ್ಲಿರುತ್ತವೆ. ನಾಲ್ಕನೆಯದು ಇದ್ದೇ ಇರಬೇಕೆಂಬ ನಿಯಮವಿಲ್ಲ. ಮುಕ್ಕಾಲು ಪೀಠ ಅಲುಗದೆ ನಿಲ್ಲುವುದಕ್ಕೂ, ನಾಲ್ಕು ಕಾಲಿನ ಮಣೆ ಕುಂಟುವುದಕ್ಕೂ ಇದೇ ಕಾರಣ. ಮಾದರಿ ಲಾರಿಯ ನಾಲ್ಕನೆಯ ಗಾಲಿ ಗಾಜನ್ನು ಮುಟ್ಟಿದೆಯೆ ಎಂದು ಅಂಟು ಒಣಗುವ ಮೊದಲೇ ನೋಡಿಕೊಳ್ಳಬೇಕು.

ಇಲ್ಲಿಗೆ ಕೆಲಸ ಮುಗಿಯಲಿಲ್ಲ. ಚಿಕ್ಕ ಲಾರಿಯ ಟೈರು 16 ಅಂಗುಲದ ರಿಮ್ಮಿಗೂ ದೊಡ್ಡದರದು 20 ಅಂಗುಲದ ರಿಮ್ಮಿಗೂ ಸೇರಿದವು. ಮಾದರಿಯಲ್ಲಿ ಇವು ಕ್ರಮವಾಗಿ 11.6 ಮತ್ತು 14.5 ಮಿಲಿಮೀಟರುಗಳಾಗುತ್ತವೆ. ಮೂರು ಮಿಲಿಮೀಟರಿನ ಈ ಭೇದವನ್ನು ಕಡೆಗಣಿಸಿದರೆ, ಉಳಿದುದೆಲ್ಲ ಸರಿಯಿದ್ದರೂ ಲಾರಿಯು ದೊಡ್ಡವನ ಅಂಗಿಯನ್ನು ತೊಟ್ಟ ಹುಡುಗನಂತೆ ಕಾಣುತ್ತದೆ. ಹೊರೆ ಹೆಚ್ಚಿದ್ದರಿಂದ ಮೂಲದಲ್ಲಿ ಕಮಾನು ಪಟ್ಟಿಗಳೂ ಅಚ್ಚುಗಳೂ ದಪ್ಪನಾಗಿರುತ್ತವೆ, ಅವನ್ನೂ ಬದಲಿಸಬೇಕು. ಒಂದು ಅಳತೆಯನ್ನು ಬದಲಿಸಿದವನಿಗೆ ಅದರೊಡನೆ ಬದಲಾಗಬೇಕಾದ ಇತರ ಅಳತೆಗಳು ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ.

ಛಾಯಾಚಿತ್ರವನ್ನು ಅಳೆಯುವ ಬಗೆ

ನಕ್ಷೆಗಳು ದೊರೆಯದ ಕಡೆ ಛಾಯಾಚಿತ್ರವೇ ಆಧಾರ. ಲಾರಿಯ ಮಗ್ಗುಲಿನ ಚಿತ್ರವೊಂದರಲ್ಲಿ ಅಚ್ಚುಗಳ ಅಂತರ 80 ಮಿಲಿಮೀಟರು ಇದೆಯೆನ್ನೋಣ. ಮೂಲದಲ್ಲಿ ಅದು 158 ಅಂಗುಲವೆಂದು ಗೊತ್ತಿದ್ದರೆ ಚಿತ್ರದ ಒಂದು ಮಿಲಿಮೀಟರು ಸುಮಾರು ಎರಡು ಅಂಗುಲಕ್ಕೆ ಸಮ. ಹಾಗಾದರೆ 12 ಮಿಲಿಮೀಟರು ಎತ್ತರದ ಪಕ್ಕದ ಹಲಗೆಯು ನಿಜವಾಗಿ ಎರಡಡಿ ಎತ್ತರದ್ದು. ಅರ್ಧ ಮಿಲಿಮೀಟರು ತಪ್ಪಿ ಓದಿದರೂ ದೋಷ ಒಂದು ಅಂಗುಲ. ಮಾದರಿಯಲ್ಲಿ ಮುಕ್ಕಾಲು ಮಿಲಿಮೀಟರಿಗಿಂತ ಕಡಿಮೆ.

ಇದಕ್ಕೆ ಬದಲಾಗಿ, ಚಿತ್ರದಲ್ಲಿ 10 ಮಿಲಿಮೀಟರು ಕಾಣುವ 20 ಅಂಗುಲದ ರಿಮ್ಮನ್ನು ಮಾನದಂಡವಾಗಿ ಇರಿಸಿಕೊಂಡರೆ ಏನಾಗುತ್ತದೆ? ಅದೇ ಅರ್ಧ ಮಿಲಿಮೀಟರಿನ ತಪ್ಪು ಈಗ ನೂರಕ್ಕೆ ಐದರಷ್ಟಾಗಿ, ಅಚ್ಚುಗಳ ಅಂತರದಲ್ಲಿ ಎಂಟು ಅಂಗುಲದ ದೋಷವನ್ನು ತರುತ್ತದೆ. ಜೊತೆಗೆ ರಿಮ್ಮಿನ ಅಳತೆಯೆಂದು ಹೇಳುವುದು ಟೈರು ಕೂರುವ ಜಾಗದ ವ್ಯಾಸವನ್ನು. ಹೊರಗೆ ಕಾಣುವ ಅಂಚು ಅದಕ್ಕಿಂತ ಸ್ವಲ್ಪ ದೊಡ್ಡದು. ಆದುದರಿಂದ ಚಿತ್ರದಲ್ಲಿ ದೊರೆಯುವ ಅತಿ ಉದ್ದದ ಅಳತೆಯನ್ನೇ ಮಾನದಂಡ ಮಾಡಿಕೊಳ್ಳಬೇಕೆಂಬುದು ನಿಯಮ.

ದೂರದ ಪರಿಣಾಮವನ್ನೂ ಮರೆಯಬಾರದು. ಎರಡು ಮೀಟರು ಅಗಲದ ಲಾರಿಯನ್ನು ಐದು ಮೀಟರು ದೂರದಿಂದ ಚಿತ್ರಿಸಿದರೆ, ಆಚೆಯ ಮಗ್ಗುಲು ಈಚೆಯದರ ಏಳರಲ್ಲಿ ಐದು ಪಾಲಿನಷ್ಟೇ ಕಾಣುತ್ತದೆ. ಇಪ್ಪತ್ತು ಮೀಟರು ದೂರದಿಂದಾದರೆ ಇಪ್ಪತ್ತೆರಡರಲ್ಲಿ ಇಪ್ಪತ್ತು ಪಾಲು. ದೂರ ನಿಂತು ತೆಗೆದ ಚಿತ್ರವೇ ಅಳತೆಗೆ ಯೋಗ್ಯ. ಲಾರಿಯು ಓರೆಯಾಗಿ ನಿಂತಿದ್ದರೆ ಅದರ ಗಾಲಿಗಳು ವೃತ್ತಗಳಾಗಿರದೆ ದೀರ್ಘವೃತ್ತಗಳಾಗಿ ಕಾಣುತ್ತವೆ. ಗಾಲಿಯ ಅಡ್ಡಗಲವು ಎತ್ತರದ 0.87ರಷ್ಟಿದ್ದರೆ ಲಾರಿ 30 ಡಿಗ್ರಿ ತಿರುಗಿದೆಯೆಂದು ಅರ್ಥ. ಲಾರಿಯ ಉದ್ದವೂ ಚಿತ್ರದಲ್ಲಿ ಸುಮಾರು ಅದೇ ಅನುಪಾತದಲ್ಲಿ ಕಿರಿದಾಗಿರುತ್ತದೆ. ಗಾಲಿಯೇ ಇಲ್ಲಿ ಕೋನಮಾಪಕ.

ಮೊದಲಿನಿಂದ ಕಟ್ಟುವುದು

ಸ್ವತಂತ್ರ ಭಾರತದ ಸೇನೆಯಲ್ಲಿ ಬಹುಕಾಲ ದುಡಿದ ‘ಶಕ್ತಿಮಾನ್’ ಲಾರಿಯನ್ನು ನೆನೆಯದೆ ಈ ವಿಷಯ ಪೂರ್ಣವಾಗದು. ಜರ್ಮನಿಯ ಮ್ಯಾನ್ ಸಂಸ್ಥೆಯ ಪರವಾನಗಿಯ ಮೇರೆಗೆ ಜಬಲ್ಪುರದಲ್ಲಿ 1959ರಲ್ಲಿ ಇದರ ತಯಾರಿಕೆ ಮೊದಲಾಯಿತು. 1969ರಲ್ಲಿ ಸ್ಥಾಪಿತವಾದ ಅಲ್ಲಿನ ವಾಹನ ಕಾರ್ಖಾನೆಯು ಆ ಕೆಲಸವನ್ನು ಮುಂದುವರಿಸಿತು. ಕಾಲಕ್ರಮದಲ್ಲಿ ಅಶೋಕ್ ಲೇಲ್ಯಾಂಡಿನ ‘ಸ್ಟಾಲಿಯನ್’ ಮತ್ತು ಟಾಟಾ ಲಾರಿಗಳು ಅದರ ಸ್ಥಾನಕ್ಕೆ ಬಂದುವು. ಇಂತಹ ಲಾರಿಯ ಮಾದರಿ ಬೇಕೆನ್ನುವವನು ತಾನೇ ಕಟ್ಟಿಕೊಳ್ಳಲು ಸಿದ್ಧನಾಗಬೇಕು.

ಸಾಮಗ್ರಿಗಳು ದುರ್ಲಭವಲ್ಲ. ಪಾಲಿಸ್ಟೈರೀನ್ ಹಾಳೆ ಮುಖ್ಯ. ಅದನ್ನು ಪೂರ್ತಿ ಕತ್ತರಿಸಬೇಕಿಲ್ಲ. ಚೂಪಾದ ಅಲಗಿನಿಂದ ಗೆರೆ ಕೊರೆದು ಬಾಗಿಸಿದರೆ, ಒತ್ತಡವೆಲ್ಲ ಆ ಗೆರೆಯ ತಳದಲ್ಲಿ ಸೇರಿ ಹಾಳೆಯು ನೇರವಾಗಿ ಮುರಿಯುತ್ತದೆ. ಇದನ್ನು ಜೋಡಿಸುವ ದ್ರವವು ಗೋಂದಿನಂತೆ ನಡುವೆ ನಿಲ್ಲುವುದಿಲ್ಲ. ಎರಡು ಮೇಲ್ಮೈಗಳನ್ನೂ ಕರಗಿಸಿ ಒಂದರೊಳಗೊಂದು ಬೆರೆಸಿ ತಾನು ಆವಿಯಾಗಿ ಹೋಗುತ್ತದೆ. ಆ ಆವಿ ಆರೋಗ್ಯಕ್ಕೆ ಹಿತವಲ್ಲ. ಕಿಟಕಿ ತೆರೆದ ಕೋಣೆಯಲ್ಲಿ, ದೀಪದಿಂದ ದೂರದಲ್ಲಿ ಈ ಕೆಲಸ ಮಾಡಬೇಕು. ಕಿಟ್ಟಿನ ಚೌಕಟ್ಟಿನ ಕಡ್ಡಿಯನ್ನು ಮೇಣದಬತ್ತಿಯ ಉರಿಯಿಂದ ಸ್ವಲ್ಪ ಮೇಲೆ ಹಿಡಿದು, ಅದು ಮೆತ್ತಗಾದ ಕೂಡಲೆ ಎಳೆದರೆ, ಕೂದಲಿನಷ್ಟು ಸಣ್ಣ ಎಳೆ ದೊರೆಯುತ್ತದೆ. ಕಡ್ಡಿಯ ಅಡ್ಡಕೊಯ್ತ ದುಂಡಾಗಿದ್ದರೆ ಎಳೆಯೂ ದುಂಡು, ಚೌಕವಾಗಿದ್ದರೆ ಎಳೆಯೂ ಬಹುಮಟ್ಟಿಗೆ ಚೌಕ. ಮೋಟಾರು ಸುತ್ತುವ ಅಂಗಡಿಯ ತಾಮ್ರದ ತಂತಿ ಕೊಳವೆಗಳಿಗೆ ಒದಗುತ್ತದೆ.

ಲಾರಿಯ ಮೂತಿಯ ಬಾಗುಗಳನ್ನು ಹಾಳೆಯಿಂದ ಮಡಿಸಲಾಗದು. ಅದಕ್ಕಾಗಿ ಮರದ ಅಚ್ಚೊಂದನ್ನು ಕೆತ್ತಿ, ಕಾಯಿಸಿ ಮೆತ್ತಗಾಗಿಸಿದ ಹಾಳೆಯನ್ನು ಅದರ ಮೇಲೆ ಒತ್ತಿ ಎಳೆಯುತ್ತಾರೆ. ಚನ್ನಪಟ್ಟಣದ ಬೊಂಬೆಯವರು ಬಳಸುವ ಹಾಲೆಮರದಂತಹ ನಯವಾದ ಮರ ಈ ಕೆಲಸಕ್ಕೆ ಹೇಳಿಮಾಡಿಸಿದಂತಿದೆ. ಅವರ ಚರಕಿ ಯಂತ್ರದ ಮೇಲೆ ಗಾಲಿಗಳನ್ನೂ ಕಡೆಯಬಹುದು. ಇಂದು ಮೂರು ಆಯಾಮಗಳಲ್ಲಿ ಮುದ್ರಿಸುವ ಯಂತ್ರಗಳೂ ಬಂದಿವೆ. ಆದರೆ ಯಂತ್ರವು ನಾವು ಕೊಟ್ಟ ಅಳತೆಯನ್ನು ನಿರ್ಮಿಸುತ್ತದೆಯೇ ಹೊರತು, ನಾವು ತೆಗೆಯದ ಅಳತೆಯನ್ನು ಊಹಿಸಿ ತುಂಬುವುದಿಲ್ಲ.

ಕುಗ್ಗುವುದೆಷ್ಟು, ಕುಗ್ಗದಿರುವುದೆಷ್ಟು?

ಈಗ ಇಡೀ ವಿಷಯದ ತಿರುಳಿಗೆ ಬರೋಣ. ಎಲ್ಲ ಅಳತೆಗಳನ್ನೂ 35ರಿಂದ ಭಾಗಿಸಿದರೆ ಮಾದರಿಯು ಮೂಲದಂತೆಯೇ ಕಾಣುವುದೆ? ಕಾಣದು. ಉದ್ದವು 35 ಪಟ್ಟು ಕುಗ್ಗಿದಾಗ ಮೇಲ್ಮೈಯು 35ರ ವರ್ಗದಷ್ಟು, ಎಂದರೆ 1,225 ಪಟ್ಟು ಕುಗ್ಗುತ್ತದೆ. ಘನಗಾತ್ರವೂ ಅದರೊಡನೆ ತೂಕವೂ 42,875 ಪಟ್ಟು ಕುಗ್ಗುತ್ತವೆ. ಆರು ಟನ್ನು ತೂಗುವ ಲಾರಿಯನ್ನು ಅದೇ ಉಕ್ಕು, ಅದೇ ರಬ್ಬರುಗಳಿಂದ ಈ ಪ್ರಮಾಣದಲ್ಲಿ ಕಟ್ಟಿದರೆ ಅದರ ತೂಕ ಸುಮಾರು 140 ಗ್ರಾಂ ಮಾತ್ರ. ತೂಕಕ್ಕೆ ಹೋಲಿಸಿದರೆ ಅದನ್ನು ಹೊರುವ ಭಾಗಗಳು ಮೂಲಕ್ಕಿಂತ 35 ಪಟ್ಟು ಸಮರ್ಥವಾಗುತ್ತವೆ.

ಇದರ ಪರಿಣಾಮಗಳು ಕಣ್ಣಿಗೆ ಕಾಣುವಂಥವು. ನಿಜವಾದ ಲಾರಿಯ ಟೈರು ಭಾರಕ್ಕೆ ನೆಲದ ಬಳಿ ಚಪ್ಪಟೆಯಾಗಿ ಪಕ್ಕಕ್ಕೆ ಉಬ್ಬಿರುತ್ತದೆ. ಮಾದರಿಯ ಟೈರು ದುಂಡಗೆ ನಿಲ್ಲುತ್ತದೆ. ನಿಜವಾದ ಟಾರ್ಪಾಲು ಕಮಾನುಗಳ ನಡುವೆ ತನ್ನ ಭಾರಕ್ಕೆ ತಾನೇ ಜೋಲುತ್ತದೆ; ಮಾದರಿಯ ಬಟ್ಟೆ ತಗಡಿನಂತೆ ಸೆಟೆದು ನಿಲ್ಲುತ್ತದೆ. ಆದುದರಿಂದ ಮಾದರಿಕಾರನು ಟೈರಿನ ತಳವನ್ನು ಅರದಿಂದ ಉಜ್ಜಿ ಚಪ್ಪಟೆ ಮಾಡಬೇಕು. ತೆಳು ಕಾಗದವನ್ನು ನೀರು ಬೆರೆಸಿದ ಫೆವಿಕಾಲಿನಲ್ಲಿ ನೆನೆಸಿ ಹೊದಿಸಿ, ಒದ್ದೆಯಿರುವಾಗಲೇ ಕುಂಚದಿಂದ ಒತ್ತಿ ಜೋಲು ತರಬೇಕು. ಗುರುತ್ವವು ಮಾಡಬೇಕಾದ ಕೆಲಸವನ್ನು ಇಲ್ಲಿ ಕೈ ಮಾಡುತ್ತದೆ.

ದಪ್ಪದ ವಿಷಯವೂ ಹೀಗೆಯೇ. ಒಂದೂವರೆ ಮಿಲಿಮೀಟರಿನ ತಗಡು ಮಾದರಿಯಲ್ಲಿ 0.04 ಮಿಲಿಮೀಟರು ಆಗಬೇಕು. ಅರ್ಧ ಮಿಲಿಮೀಟರಿನ ಪ್ಲಾಸ್ಟಿಕ್ ಹಾಳೆಯಾದರೋ ಮೂಲದಲ್ಲಿ 17 ಮಿಲಿಮೀಟರಿಗೂ ದಪ್ಪನಾದ ಉಕ್ಕಿಗೆ ಸಮ. ಅಂತಹ ಮಡ್‌ಗಾರ್ಡು ಯಾವ ಲಾರಿಗೂ ಇಲ್ಲ! ಹೊರಗೆ ಕಾಣುವ ಅಂಚನ್ನು ಮಾತ್ರ ಒಳಗಿನಿಂದ ಉಪ್ಪುಕಾಗದದಿಂದ ಉಜ್ಜಿ ತೆಳುವಾಗಿಸುವುದು, ಇಲ್ಲವೆ ಮಾತ್ರೆಗಳ ಪಟ್ಟಿಯ ಹಿಂಬದಿಯ ಲೋಹದ ಹಾಳೆಯನ್ನು ಬಳಸುವುದು ಇದಕ್ಕೆ ಉಪಾಯ.

ಬಣ್ಣ ಮತ್ತು ಧೂಳು

ಸೇನೆಯ ಬಣ್ಣವನ್ನೇ ತಂದು ಹಚ್ಚಿದರೂ ಮಾದರಿಯು ಮೂಲಕ್ಕಿಂತ ಕಪ್ಪಾಗಿ ಕಾಣುವುದು ಎಲ್ಲರ ಅನುಭವ. ಅರ್ಧ ಮೀಟರಿನಿಂದ ನೋಡುವ 1:35ರ ಮಾದರಿಯು ಹದಿನೇಳೂವರೆ ಮೀಟರು ದೂರದ ಲಾರಿಯಷ್ಟೇ ದೊಡ್ಡದಾಗಿ ಕಾಣುತ್ತದೆ; ನಡುವಣ ಗಾಳಿಯು ದೂರದ ಬಣ್ಣವನ್ನು ತಿಳಿಯಾಗಿಸುತ್ತದೆ, ಆದುದರಿಂದ ಮಾದರಿಯ ಬಣ್ಣವನ್ನೂ ತಿಳಿಮಾಡಬೇಕೆಂದು ಕೆಲವರು ಹೇಳುವುದುಂಟು. ತಿಳಿಮಾಡಬೇಕೆಂಬುದು ಸರಿ, ಕಾರಣ ಮಾತ್ರ ಒಪ್ಪತಕ್ಕದ್ದಲ್ಲ. ನಿರ್ಮಲವಾದ ದಿನ ಹದಿನೇಳು ಮೀಟರು ಗಾಳಿಯು ಬಣ್ಣವನ್ನು ಗಮನಾರ್ಹವಾಗಿ ಬದಲಿಸಲಾರದು. ಮುಖ್ಯ ಕಾರಣ ಬೆಳಕು. ನಡುಹಗಲಿನ ಬಿಸಿಲಿನ ಬೆಳಕು ಸುಮಾರು ಒಂದು ಲಕ್ಷ ಲಕ್ಸ್. ದೀಪ ಹಚ್ಚಿದ ಕೋಣೆಯಲ್ಲಿ ಕೆಲವು ನೂರು ಲಕ್ಸ್ ಮಾತ್ರ. ಬಿಸಿಲಿನಲ್ಲಿ ಕಂಡ ಬಣ್ಣ ಕೋಣೆಯಲ್ಲಿ ಮಂಕಾಗದೆ ಇನ್ನೇನಾದೀತು?

ಧೂಳಿನ ಪ್ರಶ್ನೆ ಇನ್ನೂ ಸ್ವಾರಸ್ಯವಾದುದು. ಭೇರ್ಯದ ಕೆಮ್ಮಣ್ಣನ್ನು ಹಾಗೆಯೇ ಉದುರಿಸಿದರೆ ಅದು ಧೂಳಾಗಿ ಕಾಣುವುದಿಲ್ಲ, ಅದರ 0.1 ಮಿಲಿಮೀಟರಿನ ಕಣವು ಮಾದರಿಯ ಲೋಕದಲ್ಲಿ ಮೂರೂವರೆ ಮಿಲಿಮೀಟರಿನ ಹರಳು. ನೀರಿನಲ್ಲಿ ಮುಳುಗುವ ಸಣ್ಣ ಕಣದ ವೇಗವು ಅದರ ವ್ಯಾಸದ ವರ್ಗವನ್ನು ಅನುಸರಿಸುತ್ತದೆ ಎಂಬುದು ಸ್ಟೋಕ್ಸನ ನಿಯಮ. 0.05 ಮಿಲಿಮೀಟರಿನ ಕಣವು ಸೆಕೆಂಡಿಗೆ ಎರಡು ಮಿಲಿಮೀಟರಿಗೂ ಮಿಕ್ಕಿ ಇಳಿದರೆ, 0.01 ಮಿಲಿಮೀಟರಿನದು ಅದರ ಇಪ್ಪತ್ತೈದನೆಯ ಒಂದು ಪಾಲು ವೇಗದಲ್ಲಿ ಇಳಿಯುತ್ತದೆ. ಹತ್ತು ಸೆಂಟಿಮೀಟರು ನೀರಿನಲ್ಲಿ ಮಣ್ಣನ್ನು ಕಲಕಿ, ಎರಡು ನಿಮಿಷ ಬಿಟ್ಟು, ಮೇಲಿನ ಕೆಂಪು ನೀರನ್ನು ಮೆಲ್ಲನೆ ಬೇರೆ ಪಾತ್ರೆಗೆ ಬಗ್ಗಿಸಿದರೆ, ಅದರಲ್ಲಿ ಉಳಿದಿರುವುದು ಹೆಚ್ಚಾಗಿ 0.03 ಮಿಲಿಮೀಟರಿಗಿಂತ ಸಣ್ಣ ಕಣಗಳು. ಅದನ್ನು ಆರಿಸಿ ಪುಡಿಮಾಡಿದರೆ ಊರಿನ ಬಣ್ಣದ್ದೇ ಆದ, ಪ್ರಮಾಣಕ್ಕೆ ಒಪ್ಪುವ ಧೂಳು ಸಿದ್ಧವಾಯಿತು.

ಅಳೆಯುವುದಕ್ಕೆ ಇದೇ ಕಾಲ

ಇಷ್ಟೆಲ್ಲ ಶ್ರಮದಿಂದ ಪ್ರಯೋಜನವೇನು ಎಂದು ವಾಚಕರು ಕೇಳಬಹುದು. ಸರಿಯಾಗಿ ಅಳೆದು ಕಟ್ಟಿದ ಮಾದರಿಯು ಒಂದು ದಾಖಲೆ. ಹುಣಸೂರಿನಲ್ಲಿ ಕಸುಬುದಾರರು ಕಟ್ಟಿದ ಗಾಡಿಗಳ ಹೆಸರನ್ನು ಗ್ಯಾಸೆಟಿಯರುಗಳು ಉಳಿಸಿವೆ. ಆದರೆ ಗಾಲಿಯ ಅರೆಗಳೆಷ್ಟು, ಮೂಕಿಮರದ ಉದ್ದವೆಷ್ಟು ಎಂಬ ಪ್ರಶ್ನೆಗಳಿಗೆ ಹೆಸರು ಉತ್ತರ ಹೇಳದು. ಗಾಡಿಗಳು ಓಡಾಡುತ್ತಿದ್ದಾಗ ಅಳತೆ ಪಟ್ಟಿ ಹಿಡಿಯಬೇಕೆಂದು ಯಾರಿಗೂ ತೋರುವುದಿಲ್ಲ. ತೋರುವ ವೇಳೆಗೆ ಗಾಡಿಗಳು ಸೌದೆಯಾಗಿರುತ್ತವೆ. ಹಳೆಯ ಲಾರಿಗಳದೂ ಇದೇ ಕಥೆ. ಗುಜರಿಗೆ ಹೋಗಿ ಕರಗಿದ ಉಕ್ಕು ತಾನು ಯಾವ ಆಕಾರದಲ್ಲಿದ್ದೆನೆಂದು ಹೇಳುವುದಿಲ್ಲ.

ಆದುದರಿಂದ ಈ ಹವ್ಯಾಸವನ್ನು ಆರಂಭಿಸುವವರು ದುಬಾರಿಯಾದ ಕಿಟ್ಟಿನಿಂದಲೇ ಆರಂಭಿಸಬೇಕಾಗಿಲ್ಲ. ಕೃಷ್ಣರಾಜನಗರದಿಂದ ಹಾಸನಕ್ಕೆ ಹೋಗುವ ದಾರಿಯಲ್ಲಿರುವ ಭೇರ್ಯದಂತಹ ಊರುಗಳಲ್ಲಿ ಮರದ ಗಾಲಿಯ ಗಾಡಿಯೋ, ಓಟ ನಿಲ್ಲಿಸಿ ಮರದಡಿಯಲ್ಲಿ ನಿಂತ ಲಾರಿಯೋ ಹುಡುಕಿದರೆ ಸಿಕ್ಕೀತು. ಒಡೆಯರ ಅಪ್ಪಣೆ ಪಡೆದು, ಇಬ್ಬರು ಸೇರಿ, ಒಂದು ಟೇಪು, ಒಂದು ಮೂಲೆಮಟ್ಟ, ಒಂದು ಗ್ರಾಫ್ ಪುಸ್ತಕ ಹಿಡಿದು ಹೊರಟರೆ ಅರ್ಧ ದಿನದ ಕೆಲಸ. ಪ್ರತಿಯೊಂದು ಅಳತೆಯನ್ನೂ ಎರಡು ಸಲ ತೆಗೆದು, ದಿನಾಂಕ ಮತ್ತು ಸ್ಥಳದೊಡನೆ ಬರೆದಿಡಬೇಕು. ಸೇನೆಯ ಸ್ವಾಧೀನದಲ್ಲಿರುವ ವಾಹನಗಳನ್ನೂ ಆವರಣಗಳನ್ನೂ ಅನುಮತಿಯಿಲ್ಲದೆ ಅಳೆಯುವುದಾಗಲಿ ಚಿತ್ರಿಸುವುದಾಗಲಿ ಸಲ್ಲದು. ಸಂಗ್ರಹಾಲಯದಲ್ಲಿ ಇರಿಸಿದವು, ಖಾಸಗಿಯವರ ಕೈಸೇರಿದವು ಸಾಕಷ್ಟಿವೆ.

ಮಾದರಿಯನ್ನು ಎಂದಾದರೂ ಕಟ್ಟಬಹುದು. ಅಳತೆಯ ಪುಸ್ತಕವಿದ್ದರೆ ಮುಂದಿನ ತಲೆಮಾರಿನವನೂ ಕಟ್ಟಿಯಾನು. ಅಳೆಯಬೇಕಾದ ವಸ್ತು ಮಾತ್ರ ಅಷ್ಟು ಕಾಲ ಕಾಯುವುದಿಲ್ಲ.